ಎಲ್ಲರ ಫೋನಿನಿಂದ ಅಳಿಸಬೇಕಾಗಿದ್ದ ಎಕ್ಸ್‌ರೇ

ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ನಾನೂ ನನ್ನ ಗಂಡನೂ ಒಟ್ಟಿಗೆ ನಿಂತು, ವಿರುದ್ಧ ದಿಕ್ಕಿನ ಬಸ್ಸು ಹತ್ತುತ್ತೇವೆ. ಅವರು ಸಿಂಧನೂರಿನ ಅಕ್ಕಿ ಗಿರಣಿಗೆ, ನಾನು ಲಿಂಗಸುಗೂರಿನ ಕಡೆಯ ಎಂಜಿನಿಯರಿಂಗ್ ಕಾಲೇಜಿಗೆ. ಅವರ ಗಿರಣಿಯೊಳಗೆ ಭತ್ತ ಹೋಗಿ ಅಕ್ಕಿ ಬರುತ್ತದೆ. ಅದು ಏನು ಕೆಲಸ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಕೆಲಸವನ್ನು ಮಾತ್ರ ನಾನು ಇಷ್ಟು ವರ್ಷಗಳಲ್ಲಿ ಒಬ್ಬರಿಗೂ ತಿಳಿಯುವ ಹಾಗೆ ಹೇಳಿದ್ದಿಲ್ಲ. ಹೇಳುತ್ತ ಹೋದಂತೆ ನನಗೇ ಅದು ಅರ್ಥವಾಗದೆ ಹೋಗುತ್ತದೆ.

ನಾನು ಹುಟ್ಟಿದ್ದು ಹಟ್ಟಿಯ ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲಿ. ಅಪ್ಪ ಪಾಳಿ ಮುಗಿಸಿ ಬಂದು ಮಲಗಿದ್ದಾಗ ಮನೆಯಲ್ಲಿ ಪಾತ್ರೆ ಸದ್ದಾಗುವಂತಿರಲಿಲ್ಲ, ಹಾಗಾಗಿ ನಾನು ಪುಸ್ತಕ ಹಿಡಿದು ಸುಮ್ಮನೆ ಕುಳಿತೇ ಬೆಳೆದೆ. ಓದಿನಲ್ಲಿ ಮುಂದಿದ್ದೆ ಎನ್ನುವುದಕ್ಕಿಂತ ಸದ್ದು ಮಾಡುವುದರಲ್ಲಿ ಹಿಂದಿದ್ದೆ ಎನ್ನಬೇಕು. ಎಂಜಿನಿಯರಿಂಗ್ ಮುಗಿಸಿ ಕಾಲೇಜಿಗೆ ಸೇರಿದಾಗ ನನಗೆ ಕೊಟ್ಟ ವಿಷಯ ಕಂಪ್ಯೂಟರ್ ನೆಟ್‌ವರ್ಕ್. ಒಂದು ಸಂದೇಶ ಚೂರುಚೂರಾಗಿ ಒಡೆದು, ಬೇರೆಬೇರೆ ದಾರಿ ಹಿಡಿದು, ಮುಟ್ಟಬೇಕಾದ ಕಡೆ ಮುಟ್ಟಿ ಮತ್ತೆ ಕೂಡಿಕೊಳ್ಳುತ್ತದೆ ಎಂದು ಹಲಗೆಯ ಮೇಲೆ ಗೆರೆ ಎಳೆದು ಕಲಿಸುತ್ತಿದ್ದೆ. ಅದನ್ನು ನಾನು ಕಣ್ಣಾರೆ ನೋಡಿದ್ದಿಲ್ಲ. ದೇವರ ವಿಷಯ ಹೇಳುವವರ ಹಾಗೆ, ನಂಬಿ ಹೇಳುತ್ತಿದ್ದೆ.

ಪಿಎಚ್‌ಡಿ ಮಾಡದಿದ್ದರೆ ಮುಂದೆ ದಾರಿಯಿಲ್ಲ ಎಂದು ಕಾಲೇಜಿನಲ್ಲಿ ಹೇಳಿದ ಮೇಲೆ ಒಬ್ಬ ಮಾರ್ಗದರ್ಶಕರನ್ನು ಹುಡುಕಿಕೊಂಡು ಹೋದೆ. ನೆಟ್‌ವರ್ಕಿನಲ್ಲೇ ಏನಾದರೂ ಮಾಡಬೇಕೆಂದು ತಯಾರಾಗಿ ಹೋಗಿದ್ದೆ. ಅವರು ನಾನು ಬರೆದುಕೊಂಡು ಹೋಗಿದ್ದನ್ನು ಪಕ್ಕಕ್ಕಿಟ್ಟು, ಇದನ್ನೆಲ್ಲ ಜನ ಮಾಡಿ ಮುಗಿಸಿದ್ದಾರೆ, ನೀವು ವೈದ್ಯಕೀಯ ಚಿತ್ರಗಳ ಭದ್ರತೆ ತೆಗೆದುಕೊಳ್ಳಿ ಎಂದರು. ನಾನು ಹೂಂ ಎಂದೆ. ವಾಪಸು ಬಸ್ಸಿನಲ್ಲಿ ಕುಳಿತಾಗ, ಯಾರದೋ ಎಲುಬಿನ ಎಕ್ಸ್‌ರೇಯನ್ನು ಯಾರು ಯಾಕೆ ಕದಿಯುತ್ತಾರೆ ಎಂಬ ಪ್ರಶ್ನೆ ಹುಟ್ಟಿತು. ಅದನ್ನು ಕೇಳಬೇಕಾದ ಜಾಗ ಹಿಂದೆ ಉಳಿದುಹೋಗಿತ್ತು.

ಆಮೇಲೆ ಆ ಕೆಲಸ ಮಾಡಿದೆ. ಎಕ್ಸ್‌ರೇ ಎಂದರೆ ಕಂಪ್ಯೂಟರಿಗೆ ಬರೀ ಕಪ್ಪು ಬಿಳಿ ಚುಕ್ಕಿಗಳ ರಾಶಿ. ಆ ಚುಕ್ಕಿಗಳನ್ನು ಕಣ್ಣಿಗೆ ಕಾಣದಷ್ಟು ಸ್ವಲ್ಪವೇ ಬದಲಿಸಿ, ರೋಗಿಯ ಹೆಸರು ಊರುಗಳನ್ನು ಅದರೊಳಗೇ ಬಚ್ಚಿಡಬಹುದು. ಬೇಕಾದರೆ ಇಡೀ ಚಿತ್ರವನ್ನೇ ಕಲಸಿಬಿಡಬಹುದು. ಕೀಲಿ ಇದ್ದವರು ಮಾತ್ರ ಅದನ್ನು ಮೊದಲಿನಂತೆ ಮಾಡಿಕೊಂಡು ನೋಡುತ್ತಾರೆ. ಇದನ್ನು ಇನ್ನೂ ಚೆನ್ನಾಗಿ ಹೇಗೆ ಮಾಡುವುದು ಎಂಬುದರ ಮೇಲೆ ನಾನು ವರ್ಷಗಟ್ಟಲೆ ಬರೆದೆ. ಎದೆ, ಮಂಡಿ, ತಲೆಬುರುಡೆ, ಎಲ್ಲವೂ ನನ್ನ ಕಂಪ್ಯೂಟರಿನಲ್ಲಿದ್ದವು. ಯಾವುದು ರೋಗದ ಎದೆ, ಯಾವುದು ಗಟ್ಟಿ ಎದೆ ಎಂದು ಕೇಳಿದ್ದರೆ ನನಗೆ ಗೊತ್ತಿರಲಿಲ್ಲ.

ಪದವಿ ಬಂದ ಮೇಲೆ ನನ್ನ ಗಂಡ ಸಂತೋಷದಿಂದ ಬಾಗಿಲಿಗೆ ಹೆಸರಿನ ಫಲಕ ಹಾಕಿಸಿದರು, ಹೆಸರಿನ ಮುಂದೆ ‘ಡಾ.’ ಸೇರಿಸಿ. ಗೊಂದಲ ಶುರುವಾದದ್ದು ಅಲ್ಲಿಂದ. ಗುರುಗುಂಟಾದಿಂದ ಸಂತೆಗೆ ಬಂದ ಒಬ್ಬ ಮುದುಕರು ಮಂಡಿಯ ಎಕ್ಸ್‌ರೇ ಕವರು ಹಿಡಿದು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಆ ಡಾಕ್ಟರ್ ಅಲ್ಲ ಎಂದೆ. ಮಂಡಿ ಡಾಕ್ಟರ್ ಅಲ್ಲವೋ ಎಂದು ಕೇಳಿದರು. ಯಾವ ಡಾಕ್ಟರೂ ಅಲ್ಲ, ಆದರೆ ಎಕ್ಸ್‌ರೇದ ಮೇಲೆ ಓದಿದ್ದೇನೆ ಎಂದು ನಾನು ಬಾಯಿ ತಪ್ಪಿ ಹೇಳಿದೆ. ಹಾಗಾದರೆ ನೋಡಿ ಎಂದು ಅವರು ಕವರು ಬಿಚ್ಚಿದರು. ನೋಡಿದೆ, ಮತ್ತೆ ಕವರಿಗೆ ಹಾಕಿ ಕೊಟ್ಟೆ. ಅವರು ಕೈಮುಗಿದು ಹೋದರು. ಹಟ್ಟಿಯಿಂದ ಬಂದಿದ್ದ ನನ್ನ ಅವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು.

“ಖರೆ ಹೇಳು, ನೀ ಯಾವ ಡಾಕ್ಟರ್ ಆಗೀದಿ?” ಎಂದಳು.

ನಾನು ವಿವರಿಸಿದೆ. ಅವ್ವ ಪೂರ್ತಿ ಕೇಳಿ, ಯಾರಾದರೂ ಕೇಳಿದರೆ ಕಣ್ಣಿನ ಡಾಕ್ಟರ್ ಎಂದು ಹೇಳುತ್ತೇನೆ, ಅದೇ ಹತ್ತಿರ ಬಂತು ಎಂದು ತೀರ್ಮಾನಿಸಿದಳು.

ನಮ್ಮ ಓಣಿಯಲ್ಲೇ, ಎರಡು ಮನೆ ಆಚೆ, ಒಬ್ಬ ಟೇಲರ್ ಇದ್ದಾರೆ. ಅವರ ಹೆಂಡತಿಯನ್ನು ಓಣಿಯೆಲ್ಲ ಚಾಚಿ ಎನ್ನುತ್ತದೆ, ನಾನೂ. ನನ್ನ ಸೀರೆಗಳಿಗೆ ಫಾಲ್ ಹಚ್ಚಿಕೊಡುವವರು ಅವರೇ. ಅವರ ಒಬ್ಬಳೇ ಮಗಳು ನಮ್ಮ ಕಾಲೇಜಿನಲ್ಲೇ ಓದಿದವಳು, ನನ್ನ ನೆಟ್‌ವರ್ಕ್ ತರಗತಿಯಲ್ಲಿ ಕುಳಿತವಳು. ಈಗ ಮಸ್ಕಿಯ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಓದು ಮುಗಿಯುವ ಹೊತ್ತಿಗೆ ಅವಳಿಗೆ ಕೆಮ್ಮು ಹತ್ತಿ, ಸಿಂಧನೂರಿನಲ್ಲಿ ಎದೆಯ ಎಕ್ಸ್‌ರೇ ತೆಗೆಸಿದಾಗ ಟಿಬಿ ಎಂದಾಯಿತು. ತಿಂಗಳುಗಟ್ಟಲೆ ಗುಳಿಗೆ ನುಂಗಿದಳು, ಪೂರ್ತಿ ವಾಸಿಯಾದಳು. ಆ ದಿನಗಳಲ್ಲಿ ಓಣಿಗೆ ಹೇಳಿದ್ದು ಕಾಮಾಲೆ ಎಂದು. ನನಗೂ ಹಾಗೇ ಹೇಳಿದ್ದರು.

ಒಂದು ಸಂಜೆ ಚಾಚಿ ಫಾಲ್ ಹಚ್ಚಿದ ಸೀರೆ ಕೊಡಲು ಬಂದವರು ಹೋಗಲಿಲ್ಲ. ಅಡಿಗೆಮನೆಯ ಬಾಗಿಲಲ್ಲೇ ಕುಳಿತರು. ಮಗಳಿಗೆ ಮುದಗಲ್‌ನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಕಿರಾಣಿ ಅಂಗಡಿ ನಡೆಸುವವನು, ಹುಡುಗಿಯನ್ನು ನೋಡಿ ಒಪ್ಪಿದ್ದ. ಆದರೆ ಹಿಂದಿನ ವಾರದಿಂದ ಅವರ ಕಡೆಯವರು ಮಾತು ತಿರುಗಿಸುತ್ತಿದ್ದರು. ಕೊನೆಗೆ ವಿಷಯ ಹೊರಬಿತ್ತು. ಸಿಂಧನೂರಿನ ಸ್ಕ್ಯಾನ್ ಸೆಂಟರಿನವರು ಎಕ್ಸ್‌ರೇಗಳನ್ನು ಒಂದು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಅದರಲ್ಲಿ ಸುತ್ತಲಿನ ಊರುಗಳ ಡಾಕ್ಟರುಗಳೂ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರೂ ಇದ್ದರು. ಅವರಲ್ಲಿ ಒಬ್ಬ ಹುಡುಗನ ಕಡೆಯ ನೆಂಟ. ಹುಡುಗಿಯ ಹೆಸರು ಕೇಳಿದೊಡನೆ ಅವನಿಗೆ ನೆನಪು ಬಂದು, ಗುಂಪಿನಲ್ಲಿ ಹಿಂದೆ ಹಿಂದೆ ಹುಡುಕಿ, ಆ ಎದೆಯ ಚಿತ್ರವನ್ನು ಮುದಗಲ್‌ಗೆ ಕಳಿಸಿದ್ದ. ಚಿತ್ರದ ಮೂಲೆಯಲ್ಲಿ ಅವಳ ಹೆಸರು, ವಯಸ್ಸು, ಮಸ್ಕಿ ಎಂಬ ಊರು, ಎಲ್ಲ ಇತ್ತು.

“ಬೇಟಿ, ನೀ ಇದರಾಗ ಡಾಕ್ಟರ್ ಆಗೀದಿ ಅಂತ ನಮ್ ಪೋರಿ ಹೇಳ್ಯಾಳ,” ಎಂದರು ಚಾಚಿ. “ಆ ಎಕ್ಸ್‌ರೇ ಎಲ್ಲಾರ ಫೋನಿನ್ಯಾಗಿಂದ ಅಳಿಸಿಬಿಡು. ನಮ್ ಇಜ್ಜತ್ ಉಳೀತದ.”

ನನ್ನ ಇಡೀ ಕೆಲಸದ ಜೀವನದಲ್ಲಿ, ನಾನು ಓದಿದ ವಿಷಯಕ್ಕೆ ಸರಿಯಾಗಿ ಹೊಂದುವ ಕೆಲಸವನ್ನು ಹಿಡಿದು ಬಂದ ಮೊದಲ ಮನುಷ್ಯೆ ಅವರು. ನನ್ನಿಂದ ಅದು ಆಗುವಂಥದ್ದಾಗಿರಲಿಲ್ಲ. ನಾನು ಕಲಿತದ್ದು ಚಿತ್ರ ಮನೆ ಬಿಡುವ ಮುಂಚೆ ಬೀಗ ಹಾಕುವುದನ್ನು, ಬಿಟ್ಟು ಹೋದದ್ದನ್ನು ಹಿಡಿದು ತರುವುದನ್ನಲ್ಲ ಎಂದು ನಿಧಾನವಾಗಿ ಹೇಳಿದೆ. ಚಾಚಿ ಸೀರೆಯನ್ನು ಪಕ್ಕಕ್ಕಿಟ್ಟರು.

“ಹಂಗಾದ್ರ ಹೋದದ್ದನ್ನ ಹಿಡದು ತರೋದು ಯಾರು ಕಲ್ತಾರ? ಅವರ ಹತ್ರ ಕರಕೊಂಡು ಹೋಗು.”

ಅಂಥವರು ಯಾರೂ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ನೋಡೋಣ ಚಾಚಿ ಎಂದೆ. ಈ ‘ನೋಡೋಣ’ ಎಂಬ ಮಾತನ್ನು ಅವರು ಬೇರೆಯೇ ರೀತಿಯಲ್ಲಿ ತೆಗೆದುಕೊಂಡರು ಎಂದು ಆಮೇಲೆ ತಿಳಿಯಿತು.

ಆ ಶನಿವಾರ ನಾನು ಗಂಡನ ಬಸ್ಸನ್ನೇ ಹತ್ತಿ ಸಿಂಧನೂರಿಗೆ ಹೋದೆ. ಸ್ಕ್ಯಾನ್ ಸೆಂಟರಿನ ಮಾಲೀಕರು ಕಾಲುವೆ ಕಡೆಯ ಕ್ಯಾಂಪಿನವರು, ನೀರಾವರಿ ಬಂದಾಗ ಆಂಧ್ರದಿಂದ ಬಂದು ನೆಲೆಸಿದ ಮನೆತನ. ಅವರ ಕನ್ನಡದಲ್ಲಿ ತೆಲುಗು ಬೆರೆತಿತ್ತು. ಹೊರಗೆ ಬೆಂಚುಗಳ ಮೇಲೆ ಜನ ತುಂಬಿದ್ದರು. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ. ಅವರು ನನಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿ ನಿಜವಾಗಿಯೂ ನೊಂದುಕೊಂಡರು. ಅವರಿಗೂ ಮದುವೆಗೆ ಬಂದ ಮಗಳಿದ್ದಳು. ನನ್ನ ಎದುರಿಗೇ ಆ ಹಳೆಯ ಚಿತ್ರವನ್ನು ಗುಂಪಿನಲ್ಲಿ ಹುಡುಕಿ ಅಳಿಸಿದರು. ಅಷ್ಟು ಹಳೆಯದು ಅವರ ಫೋನಿನಿಂದ ಮಾತ್ರ ಹೋಯಿತು, ಉಳಿದವರ ಫೋನಿನಲ್ಲಿ ಹಾಗೇ ಉಳಿಯಿತು. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಹೆಸರು ಹಾಕದೆ ಕಳಿಸಬಾರದೇ ಎಂದು ಕೇಳಿದೆ. ಹೆಸರಿಲ್ಲದಿದ್ದರೆ ಒಬ್ಬರ ಎದೆಗೆ ಇನ್ನೊಬ್ಬರ ಗುಳಿಗೆ ಹೋದೀತು ಎಂದರು. ವಾಟ್ಸಾಪ್ ಬಿಟ್ಟು, ಚಿತ್ರಕ್ಕೆ ಬೀಗ ಹಾಕಿ ಬೇರೆ ದಾರಿಯಲ್ಲಿ ಕಳಿಸಬಾರದೇ ಎಂದೆ. ಅದಕ್ಕೆ ಅವರು ಒಬ್ಬ ಹಮಾಲನ ಕಥೆ ಹೇಳಿದರು. ಭತ್ತದ ಚೀಲ ತುಂಬಿದ ಲಾರಿಯ ಮೇಲಿಂದ ಅವನು ತಲೆಕೆಳಗಾಗಿ ಬಿದ್ದಿದ್ದ. ತಲೆಯ ಸ್ಕ್ಯಾನ್ ತೆಗೆದು ದೊಡ್ಡ ಊರಿನ ನರರೋಗದ ಡಾಕ್ಟರಿಗೆ ಫೋನಿನಲ್ಲೇ ಕಳಿಸಿದರು. ಆ ಡಾಕ್ಟರ್ ಯಾವುದೋ ಮದುವೆಯ ಊಟದ ಸಾಲಿನಲ್ಲಿ ಕುಳಿತಿದ್ದವರು, ಎಡಗೈಯಲ್ಲಿ ಫೋನು ಹಿಡಿದು ನೋಡಿ, ಈಗಲೇ ಹೊರಡಿಸಿ ಎಂದರಂತೆ. ಹಮಾಲ ಬದುಕಿದ.

“ನಿಮ್ಮ ಬೀಗ ಹಾಕಿದ್ರ ಆ ಮನಿಷಿ ಉಳೀತಿದ್ನೇನ್ರಿ ಮೇಡಂ ಗಾರು?”

ಅದು ವ್ಯಂಗ್ಯವಾಗಿರಲಿಲ್ಲ, ತಿಳಿಯಲೆಂದೇ ಕೇಳಿದ್ದು. ಚಾಚಿಯ ಮಗಳ ಎಕ್ಸ್‌ರೇ ಸೋರಿದ ತೂತೂ, ಆ ಹಮಾಲನ ಸ್ಕ್ಯಾನ್ ಓಡಿದ ದಾರಿಯೂ ಒಂದೇ. ತೂತು ಮುಚ್ಚಿದರೆ ದಾರಿ ಮುಚ್ಚುತ್ತದೆ. ನಾನು ಬರೆದ ಯಾವ ಲೇಖನದಲ್ಲೂ ಊಟದ ಸಾಲಿನಲ್ಲಿ ಕುಳಿತ ಡಾಕ್ಟರ್ ಇರಲಿಲ್ಲ. ಬೀಗವನ್ನೂ ಬೇಗ ತೆಗೆಯಬಹುದು, ಒಮ್ಮೆ ಪ್ರಯತ್ನ ಮಾಡಿ ನೋಡೋಣ ಎಂದಷ್ಟೇ ಹೇಳಿದೆ. ಅವರು ತಕ್ಷಣ ಒಪ್ಪಿದ್ದು ನನ್ನನ್ನು ಮತ್ತಷ್ಟು ಕಂಗೆಡಿಸಿತು. ಬೇಡ ಎನ್ನುತ್ತಾರೆಂದು ನಾನು ಒಳಗೊಳಗೇ ನಂಬಿಕೊಂಡಿದ್ದೆ.

ಕೆಲವು ವಾರ ರಜೆ ದಿನಗಳಲ್ಲೆಲ್ಲ ಅಲ್ಲಿಗೆ ಹೋಗಿ ನನ್ನ ಪ್ರೋಗ್ರಾಮನ್ನು ಅವರ ಕಂಪ್ಯೂಟರಿಗೆ ಹೊಂದಿಸಿದೆ. ಅಲ್ಲಿಂದ ಹೊರಡುವ ಚಿತ್ರ ಕಲಸಿಹೋಗಿ ಹೊರಡಬೇಕು, ಡಾಕ್ಟರ ಫೋನಿನಲ್ಲಿ ಕೀಲಿ ಒತ್ತಿದರೆ ಸರಿಯಾಗಿ ಕಾಣಬೇಕು. ಒಬ್ಬ ಡಾಕ್ಟರಿಗೆ ಮಾತ್ರ ಹಾಗೆ ಕಳಿಸುವುದೆಂದು ಗೊತ್ತುಮಾಡಿಕೊಂಡೆವು. ಮೊದಮೊದಲು ಚೆನ್ನಾಗಿ ನಡೆಯಿತು. ನಾನು ಬರೆದದ್ದು ಪುಟದಿಂದ ಇಳಿದು ಸಿಂಧನೂರಿನ ರಸ್ತೆಯ ಮೇಲೆ ಓಡಾಡುತ್ತಿದೆ ಎಂದು ನನಗೆ ಖುಷಿಯೋ ಖುಷಿ. ಗಂಡನಿಗೆ ಹೇಳಿದೆ, ಅವ್ವನಿಗೆ ಫೋನು ಮಾಡಿ ಹೇಳಿದೆ. ಅವ್ವ ನನ್ನನ್ನು ಇನ್ನೂ ಕಣ್ಣಿನ ಡಾಕ್ಟರಿನಿಂದ ಬಿಡುಗಡೆ ಮಾಡಿರಲಿಲ್ಲ.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಸೆಂಟರಿನ ಆಪರೇಟರ್ ಫೋನು ಮಾಡಿದ. ಉಸಿರು ಕಟ್ಟಿ ಬಂದ ಒಬ್ಬ ಹೆಣ್ಣುಮಗಳ ಎಕ್ಸ್‌ರೇ ಕಳಿಸಿದ್ದ. ಡಾಕ್ಟರು ಅದೇ ದಿನ ಹೊಸ ಫೋನು ಕೊಂಡಿದ್ದರು. ಅದರಲ್ಲಿ ನನ್ನ ಪ್ರೋಗ್ರಾಮೂ ಇರಲಿಲ್ಲ, ಕೀಲಿಯೂ ಇರಲಿಲ್ಲ.

“ಮೇಡಂ, ಸಾಹೇಬ್ರಿಗೆ ಬರೇ ರವಾ ಚೆಲ್ಲಿದಂಗ ಕಾಣಾಕತ್ತೈತಂತ್ರಿ,” ಎಂದ.

ಪ್ರೋಗ್ರಾಮನ್ನು ಮತ್ತೆ ಹಾಕಿಕೊಳ್ಳುವುದು ಹೇಗೆಂದು ನಾನು ಹೇಳುತ್ತ ಲ್ಯಾಬಿನಿಂದ ಹೊರಗೆ ಬಂದೆ. ಸಿಗ್ನಲ್ ಸಿಗಲೆಂದು ಮೆಟ್ಟಿಲಿಳಿದು ಬೇವಿನ ಗಿಡದ ಕಡೆಗೆ ನಡೆದೆ. ಅಷ್ಟರಲ್ಲಿ ಆ ಕಡೆಯಿಂದ ಅವನೇ ನನಗೆ ಸಮಾಧಾನ ಹೇಳಿದ.

“ಆತ್ ಬಿಡ್ರಿ ಮೇಡಂ. ಸ್ಕ್ರೀನಿಂದು ಫೋಟೊ ಹೊಡದು ವಾಟ್ಸಾಪ್ ಮಾಡೀನಿ. ಸಾಹೇಬ್ರು ನೋಡಿದ್ರು, ಔಷಧ ಹೇಳಿದ್ರು.”

ಆ ಫೋಟೊದಲ್ಲಿ ಆಕೆಯ ಹೆಸರೂ ಊರೂ ಇದ್ದೇ ಇರುತ್ತವೆ. ಆಕೆಗೆ ಔಷಧ ಸಿಕ್ಕಿತು, ಗುಣವಾಯಿತು ಎಂದು ಎರಡು ದಿನದ ಮೇಲೆ ಕೇಳಿ ತಿಳಿದುಕೊಂಡೆ. ಆದರೆ ಆ ಹೊತ್ತಿನಲ್ಲಿ ಗಿಡದ ಕೆಳಗೆ ನಿಂತಿದ್ದ ನನಗೆ ಸಂತೋಷವಾಯಿತೋ ದುಃಖವಾಯಿತೋ ಇಂದಿಗೂ ಹೇಳಲಾರೆ. ಲ್ಯಾಬಿಗೆ ವಾಪಸು ಹೋದಾಗ ವಿದ್ಯಾರ್ಥಿಗಳು ನಾನು ಅರ್ಧಕ್ಕೆ ಬಿಟ್ಟ ಪ್ರಯೋಗವನ್ನು ಮುಂದುವರಿಸಿ ಎಂದರು. ಅದು ಚಿತ್ರಕ್ಕೆ ಬೀಗ ಹಾಕುವ ಪ್ರಯೋಗವೇ. ಮುಂದುವರಿಸಿದೆ. ಮುಂದಿನ ತಿಂಗಳ ಹೊತ್ತಿಗೆ ಸೆಂಟರಿನಲ್ಲಿ ನನ್ನ ಪ್ರೋಗ್ರಾಮನ್ನು ಯಾರೂ ತೆರೆಯುತ್ತಿರಲಿಲ್ಲ. ಮಾಲೀಕರು ಒಂದು ಮಾತ್ರ ಮಾಡಿದರು: ಆ ದೊಡ್ಡ ಗುಂಪನ್ನು ಮುಚ್ಚಿ, ಯಾರ ಎಕ್ಸ್‌ರೇಯೋ ಅವರನ್ನು ನೋಡುವ ಡಾಕ್ಟರಿಗೆ ಮಾತ್ರ ಕಳಿಸತೊಡಗಿದರು. ಅದಕ್ಕೆ ಪಿಎಚ್‌ಡಿ ಬೇಕಾಗಿರಲಿಲ್ಲ.

ಈ ನಡುವೆ ಚಾಚಿಯ ಮಗಳು ಒಂದು ಭಾನುವಾರ ಮನೆಗೆ ಬಂದಳು. ನಾನು ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದೆ. ಅವಳೂ ಪಕ್ಕದಲ್ಲಿ ಕುಳಿತು ಇಡತೊಡಗಿದಳು. ನಿನ್ನ ಅಮ್ಮ ಹೇಳಿದ ಕೆಲಸ ನನ್ನಿಂದ ಆಗಲಿಲ್ಲ, ಅದು ಆಗುವಂಥದ್ದೂ ಅಲ್ಲ ಎಂದು ನಾನೇ ಮಾತು ತೆಗೆದೆ. ಅವಳು ಕೈ ಒರೆಸಿಕೊಂಡು ಫೋನು ತೆಗೆದು ಎರಡು ಚಿತ್ರ ತೋರಿಸಿದಳು, ಅಕ್ಕಪಕ್ಕ ಎರಡು ಎದೆ.

ಅವಳು ಸುಮ್ಮನೆ ಕುಳಿತಿರಲಿಲ್ಲ. ತಾನಾಗಿಯೇ ಸಿಂಧನೂರಿಗೆ ಹೋಗಿ ಹೊಸದಾಗಿ ಎಕ್ಸ್‌ರೇ ತೆಗೆಸಿಕೊಂಡಿದ್ದಳು. ಹುಡುಗನ ನಂಬರು ಅವಳ ಹತ್ತಿರ ಇತ್ತು. ಹಳೆಯದನ್ನೂ ಹೊಸದನ್ನೂ ಜೋಡಿಸಿ, ನನಗೆ ಹೀಗೆ ಆಗಿತ್ತು, ಔಷಧ ಪೂರ್ತಿ ಮಾಡಿದ್ದೇನೆ, ಈಗ ಹೀಗೆ ಇದೆ, ಮುಂದೆ ನಿಮ್ಮ ಇಷ್ಟ ಎಂದು ಬರೆದು ತಾನೇ ಅವನಿಗೆ ಕಳಿಸಿಬಿಟ್ಟಿದ್ದಳು. ನಾವೆಲ್ಲ ಯಾವ ಚಿತ್ರವನ್ನು ಮುಚ್ಚಲು ಮೂರು ಊರು ಓಡಾಡುತ್ತಿದ್ದೆವೋ ಅದನ್ನೇ. ಎರಡು ದಿನ ಅವನಿಂದ ಉತ್ತರ ಬಂದಿರಲಿಲ್ಲ. ಆ ಎರಡು ದಿನ ಶಾಲೆಯಲ್ಲಿ ಮಕ್ಕಳ ಮೇಲೆ ಬರೀ ಸಿಟ್ಟು ಮಾಡಿಕೊಂಡೆ ಎಂದಳು.

ಆಮೇಲೆ ಏನು ಬರೆದ ಎಂದು ಕೇಳಿದೆ.

“ಇದರಾಗ ಹೊಸಾದು ಯಾವುದು ಅಂತ ಕೇಳ್ಯಾರ್ರಿ ಮೇಡಂ.” ಅವಳು ನಕ್ಕಳು. “ನಿಮಗ ಗೊತ್ತಾಗ್ತದೇನ್ರಿ?”

ಬಿಸಿಲಿಗೆ ಕೈ ಅಡ್ಡ ಹಿಡಿದು ಎರಡನ್ನೂ ನೋಡಿದೆ. ಗೊತ್ತಾಗಲಿಲ್ಲ. ಎಡಗಡೆಯದು ಎಂದು ಊಹಿಸಿದೆ, ಅದು ಹಳೆಯದಾಗಿತ್ತು.

ನನಗೆ ತಿಳಿಯದ್ದು ಇನ್ನೊಂದಿತ್ತು, ಅದನ್ನು ಕೇಳಿಯೇಬಿಟ್ಟೆ. ಚಿತ್ರ ಹೊರಗೆ ಹೋಯಿತು ಎಂದು ನಿನ್ನ ಅಮ್ಮ ಅತ್ತರಂತೆ, ನೀನೂ ಅತ್ತೆಯಂತೆ. ಈಗ ನೀನೇ ಕಳಿಸಿ ನಗುತ್ತಿದ್ದೀಯಲ್ಲ? ಅವಳು ಚಮಚದಲ್ಲಿ ಹಿಟ್ಟು ತೆಗೆದು ಇನ್ನೊಂದು ಸಂಡಿಗೆ ಇಟ್ಟಳು.

“ಅವರು ಕಳಿಸಿದ್ದು ಬ್ಯಾರೆ ರೀ, ನಾ ಕಳಿಸಿದ್ದು ಬ್ಯಾರೆ. ನನ್ನ ಯಾರೂ ಕೇಳಿದ್ದೇ ಇಲ್ಲ.”

ಅವರು ಕಳಿಸಿದ್ದೂ ಅವಳು ಕಳಿಸಿದ್ದೂ ಒಂದೇ ಹಳೆಯ ಚಿತ್ರ. ಕಂಪ್ಯೂಟರಿಗೆ ಹಾಕಿ ಹೋಲಿಸಿದರೆ ಒಂದು ಚುಕ್ಕಿಯೂ ವ್ಯತ್ಯಾಸ ಕಾಣುವುದಿಲ್ಲ. ಅವಳು ಹೇಳಿದ ಆ ‘ಬ್ಯಾರೆ’ ಎಲ್ಲಿದೆ ಎಂದು ನಾನು ಆ ದಿನವೂ ಯೋಚಿಸಿದೆ, ಆಮೇಲೆ ತರಗತಿಯಲ್ಲಿ ಪಾಠ ಮಾಡುವಾಗಲೂ ಎಷ್ಟೋ ಸಲ ಯೋಚಿಸಿದ್ದೇನೆ. ಅವಳು ಹೇಳಿದ್ದು ಸರಿ ಎಂದು ಮಾತ್ರ ಆ ಕ್ಷಣದಲ್ಲೇ ಗೊತ್ತಾಗಿತ್ತು. ಸರಿ ಎಂದು ಗೊತ್ತಿದ್ದೂ ವಿವರಿಸಲಾಗದೆ ಇರುವುದು ಪಾಠ ಮಾಡುವವರಿಗೆ ದೊಡ್ಡ ತೊಂದರೆ.

ಹೊರಡುವಾಗ ಅವಳು ಒಂದು ಮಾತು ಕೇಳಿಕೊಂಡಳು. ತಾನೇ ಕಳಿಸಿದ ವಿಷಯ ಅಮ್ಮನಿಗೆ ತಿಳಿಯಬಾರದು. ತಿಳಿದರೆ ಮದುವೆಯಾದರೂ ಅಮ್ಮ ಜೀವನಪೂರ್ತಿ ಹೆದರಿಕೊಂಡೇ ಇರುತ್ತಾಳೆ. ನಾನು ಹೂಂ ಎಂದೆ.

ಹುಡುಗನ ತಂದೆ ಕೆಲವು ದಿನ ಬಿಗಿಯಾಗಿದ್ದರಂತೆ. ಹುಡುಗ ಹೊಸ ಎಕ್ಸ್‌ರೇ ತೆಗೆದುಕೊಂಡು ಹೋಗಿ ಲಿಂಗಸುಗೂರಿನ ಒಬ್ಬ ಡಾಕ್ಟರಿಂದ ಅವರಿಗೆ ಹೇಳಿಸಿದ. ಆಮೇಲೆ ಮುದಗಲ್‌ನಿಂದ ಹಿರಿಯರು ಬಂದು ಮಾತು ಮುಗಿಸಿಕೊಂಡು ಹೋದರು. ಎಕ್ಸ್‌ರೇಯ ವಿಷಯವನ್ನು ಬಂದವರೂ ಎತ್ತಲಿಲ್ಲ, ಮನೆಯವರೂ ಎತ್ತಲಿಲ್ಲ. ಅವರು ಎತ್ತಲಿಲ್ಲ ಎನ್ನುವುದೇ ಚಾಚಿಗೆ ಪುರಾವೆಯಾಯಿತು. ಮರುದಿನ ಬೆಳಿಗ್ಗೆ ಖೀರಿನ ಪಾತ್ರೆ ಹಿಡಿದುಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ನೀ ಬಾಯಿ ಬಿಟ್ಟು ಹೇಳಲಿಲ್ಲ, ಆದ್ರ ಕೆಲಸ ಮಾಡೀದಿ. ನಂಗ ಗೊತ್ತದ ಬೇಟಿ.”

ನಾನು ಏನೂ ಮಾಡಿಲ್ಲ ಚಾಚಿ ಎಂದೆ. ನಿಜವನ್ನೇ ಹೇಳಿದೆ. ಒಳ್ಳೆಯವರು ಹಾಗೇ ಹೇಳುವುದು ಎಂದು ಅವರು ಇನ್ನಷ್ಟು ಗಟ್ಟಿಯಾಗಿ ಕೈ ಒತ್ತಿದರು. ಅವರ ಬೆನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ ಮಗಳು ತಲೆ ತಗ್ಗಿಸಿದಳು. ಆ ಖೀರನ್ನು ನಾನೂ ನನ್ನ ಗಂಡನೂ ಕುಳಿತು ತಿಂದೆವು. ಚೆನ್ನಾಗಿತ್ತು. ಮಾಡದ ಕೆಲಸಕ್ಕೆ ತಿಂದರೂ ಚೆನ್ನಾಗಿರುತ್ತದಲ್ಲ ಎಂದು ಅವರು ತಮಾಷೆ ಮಾಡಿದರು, ನನಗೆ ನಗು ಬರಲಿಲ್ಲ.

ಮದುವೆ ಮಸ್ಕಿಯಲ್ಲೇ ಆಯಿತು. ಹೆಂಗಸರ ಕಡೆ ಊಟಕ್ಕೆ ಕುಳಿತಾಗ ಚಾಚಿ ತಮ್ಮ ನೆಂಟರಿಗೆಲ್ಲ ನನ್ನನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಊಟ ಮುಗಿಸಿ ಹೊರಗೆ ಬಂದು ಗಂಡನಿಗಾಗಿ ಕಾಯುತ್ತ ನಿಂತಿದ್ದೆ. ಸಿಂಧನೂರಿನ ಕಡೆಯ ಒಬ್ಬ ಹಿರಿಯರು, ಚಾಚಿಯ ಅಣ್ಣನಂತೆ, ಸಂಕೋಚದಿಂದ ಹತ್ತಿರ ಬಂದರು. ಯಾವುದೋ ಮದುವೆಯ ಮೆರವಣಿಗೆಯಲ್ಲಿ ತಾವು ಕುಣಿಯುತ್ತ ಬಿದ್ದದ್ದನ್ನು ಯಾರೋ ವಿಡಿಯೊ ಮಾಡಿ ಹಂಚಿಬಿಟ್ಟಿದ್ದಾರೆ, ಬಜಾರಿನಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ, ದಯಮಾಡಿ ಅಳಿಸಿಕೊಡಬೇಕು ಎಂದು ಫೋನನ್ನು ನನ್ನ ಕೈಗೆ ಕೊಟ್ಟರು.

ಆಗುವುದಿಲ್ಲ ಎಂದು ಹೇಳಬೇಕಾಗಿತ್ತು. ಅವರ ಮುಖ ನೋಡಿ ವಿಡಿಯೊ ಹಚ್ಚಿದೆ. ಅವರು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದರು, ಕಾಲು ತೊಡರಿ ಬಿದ್ದರು, ಎದ್ದರು, ಟೋಪಿ ಝಾಡಿಸಿ ತಲೆಗಿಟ್ಟುಕೊಂಡು ಮತ್ತೆ ಕುಣಿಯತೊಡಗಿದರು. ಸುತ್ತಲಿನವರೆಲ್ಲ ನಗುತ್ತಿದ್ದರು, ಅವರೂ ನಗುತ್ತಿದ್ದರು. ನನಗೆ ಅದು ಬಹಳ ಹಿಡಿಸಿತು. ಎರಡನೇ ಸಲ ಹಚ್ಚಿ ನೋಡುತ್ತಿರುವಾಗ ಗಂಡ ಬಂದು, ಏನು ಮಾಡುತ್ತಿದ್ದೀಯ ಎಂದು ಕೇಳಿದರು. ಹಿರಿಯರು ಆಸೆಯಿಂದ ನನ್ನ ಬಾಯನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎಂದು ಗಂಡನಿಗೆ ಹೇಳಿದೆ, ಕುಳಿತುಕೊಳ್ಳಿ ಎಂದು ಹಿರಿಯರಿಗೆ ಕುರ್ಚಿ ಎಳೆದುಕೊಟ್ಟೆ.